ಮುಳ್ಳುಮರದ ಮೇಲೆ ನನ್ನ ಪಂಚೆ

ಮಗಳು ಅಳಿಯ ಇರುವ ಊರು ಲೈಬೀರಿಯಾ ಅಂದಾಗ ನೆಂಟರಲ್ಲಿ ಅರ್ಧ ಜನ ನಮ್ಮನ್ನು ಆಫ್ರಿಕಾಕ್ಕೆ ಕಳಿಸಿಬಿಟ್ಟಿದ್ದರು. ಇದು ಬೇರೆ ಲೈಬೀರಿಯಾ. ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ, ಗ್ವಾನಕಾಸ್ಟೆ ಅನ್ನುವ ಪ್ರಾಂತ್ಯದಲ್ಲಿದೆ. ಡಿಸೆಂಬರ್ ಬಂತೆಂದರೆ ಮಳೆ ನಿಂತು ಗಾಳಿ ಶುರು. ಎಂಥ ಗಾಳಿ ಅಂತೀರಿ! ಒಗೆದು ಹರವಿದ್ದ ನನ್ನ ಪಂಚೆ ಕ್ಲಿಪ್ಪಿನ ಸಮೇತ ಹಾರಿ ಹಿತ್ತಲ ಕೊನೆಯ ಮುಳ್ಳುಮರ ಸೇರಿತು.

"ರೀ, ಅಲ್ಲಿ ಬಾವುಟ ಹಾರಿಸಿದ್ದೀರಾ?" ಅಂದಳು ನನ್ನಾಕೆ.

ಮರದ ಹೆಸರು ಕೊರ್ನಿಸುಯೆಲೊ. ನಮ್ಮ ಜಾಲಿಯ ದೂರದ ನೆಂಟ. ಮುಳ್ಳುಗಳು ಜೋಡಿ ಜೋಡಿಯಾಗಿ, ಥೇಟ್ ಎತ್ತಿನ ಕೊಂಬು. ಒಳಗೆ ಪೊಳ್ಳು, ಆ ಪೊಳ್ಳಿನಲ್ಲಿ ಇರುವೆಗಳ ಸಂಸಾರ. ಮರ ಅವಕ್ಕೆ ಬಾಡಿಗೆಯಿಲ್ಲದ ಮನೆ ಕೊಡುತ್ತದೆ, ಎಲೆತೊಟ್ಟಿನಲ್ಲಿ ಸಿಹಿರಸ ಕೊಡುತ್ತದೆ, ಚಿಗುರೆಲೆಯ ತುದಿಯಲ್ಲಿ ಪುಟ್ಟ ಕಾಳಿನಂಥ ತಿಂಡಿಯನ್ನೂ ಇಡುತ್ತದೆ. ಇಷ್ಟಕ್ಕೆ ಇರುವೆಗಳು ಮಾಡಬೇಕಾದ ಕೆಲಸ ಒಂದೇ. ಮರ ಮುಟ್ಟಿದವರನ್ನು ಕಚ್ಚುವುದು.

ನಾನು ಮಲೆನಾಡಿನವನು, ಚಗಳಿ ಇರುವೆಯ ಚಟ್ನಿ ತಿಂದು ಬೆಳೆದವನು, ಇರುವೆಗೆಲ್ಲ ಹೆದರುವ ಜಾತಿಯಲ್ಲ. ಗಳ ತಂದು ಪಂಚೆಗೆ ಸಿಕ್ಕಿಸಿದೆ. ಪಂಚೆ ಬರಲಿಲ್ಲ. ಗಳದ ಮೇಲೆ ಸಾಲಾಗಿ ಅವೇ ಇಳಿದು ಬಂದವು. ಆಮೇಲಿನದು ಬೇಡ ಬಿಡಿ. ಬರ್ಮುಡಾ ಚಡ್ಡಿಯಲ್ಲಿ ಕೂತು ಮೊಣಕಾಲಿಗೆ ಐಸ್ ಇಟ್ಟುಕೊಂಡಿದ್ದಾಗ ಮರದಿಂದ ಒಂದು ಹಕ್ಕಿ ಗಂಟಲು ಹರಿಯುವ ಹಾಗೆ ಕೂಗಿತು. ಅದರ ಜೋಡಿ ದನಿಗೂಡಿಸಿತು. ನನ್ನನ್ನು ನೋಡಿಯೇ ನಗುತ್ತಿವೆ ಅನ್ನಿಸಿತು.

ಇದು ರೆನ್ ಅನ್ನುವ ಕುಟುಂಬದ ಹಕ್ಕಿ. ಬೆನ್ನು ಇಟ್ಟಿಗೆಗೆಂಪು, ನೆತ್ತಿ ಕಪ್ಪು, ಕಣ್ಣ ಮೇಲೆ ಅಗಲವಾದ ಬಿಳಿ ಹುಬ್ಬು, ಹೊಟ್ಟೆ ಬಿಳಿ, ರೆಕ್ಕೆಗೂ ಬಾಲಕ್ಕೂ ಅಡ್ಡಪಟ್ಟೆ. ಉದ್ದ ಸುಮಾರು 17 ಸೆಂಟಿಮೀಟರ್, ಅಂದರೆ ನಮ್ಮ ಪಿಕಳಾರಕ್ಕಿಂತ ತುಸು ಚಿಕ್ಕದು. ದನಿ ಮಾತ್ರ ಗಾತ್ರಕ್ಕಿಂತ ಜಾಸ್ತಿ. ರೆನ್‌ಗಳಲ್ಲಿ ಒಂದು ಜಾತಿ ಬಿಟ್ಟರೆ ಉಳಿದವೆಲ್ಲ ಅಮೆರಿಕ ಖಂಡಗಳವೇ. ಆ ಒಂದು ಜಾತಿ ಹಿಮಾಲಯದವರೆಗೆ ಬಂದು ಅಲ್ಲೇ ನಿಂತಿದೆ. ಕರ್ನಾಟಕದ ಬೆಳಗಿನ ನಿದ್ದೆ ಉಳಿಯಿತು.

ಗೂಡೋ, ಇದೇ ಮುಳ್ಳುಮರದಲ್ಲಿ ಒಣಹುಲ್ಲು ನಾರುಗಳ ದೊಡ್ಡ ಉಂಡೆ. ಬಾಗಿಲು ಪಕ್ಕದಲ್ಲಿ. ಮೊಟ್ಟೆ ಮರಿ ಇಲ್ಲದ ಕಾಲದಲ್ಲೂ ರಾತ್ರಿ ಮಲಗಲು ಒಂದು ಗೂಡು ಬೇಕೇ ಬೇಕು ಇವಕ್ಕೆ. ಇರುವೆಗಳು ಮೊದಮೊದಲು ರೇಗಿದರೂ ಆಮೇಲೆ ಹಕ್ಕಿಗೆ ಹೊಂದಿಕೊಳ್ಳುತ್ತವಂತೆ. ನನಗೆ ಆ ರಿಯಾಯಿತಿ ಇರಲಿಲ್ಲ.

ಇಷ್ಟೂ ಸಾಲದು ಅಂತ ಹಕ್ಕಿ ಕಡಜದ ಗೂಡಿನ ಪಕ್ಕವನ್ನೇ ಹುಡುಕುತ್ತದೆ. ನಾವು ಬಾಡಿಗೆ ಮನೆ ನೋಡಲು ಹೋದಾಗ ನನ್ನಾಕೆ ನೀರು, ಬೆಳಕಿಗೂ ಮೊದಲು ಕೇಳುವುದು "ಅಕ್ಕಪಕ್ಕದವರು ಹೇಗೆ?" ಅಂತ. ಜಗಳಗಂಟರು ಅಂತ ಗೊತ್ತಾದರೆ ಮೆಟ್ಟಿಲೂ ಹತ್ತುವುದಿಲ್ಲ. ಈ ಹಕ್ಕಿ ಜಗಳಗಂಟರು ಸಿಕ್ಕರೇ ಅಡ್ವಾನ್ಸ್ ಕೊಡುವುದು.

ಕಾರಣ ಮಂಗ. ಅಲ್ಲಿನ ಬಿಳಿಮುಖದ ಕಪುಚಿನ್ ಮಂಗಗಳು ಗೂಡಿಗೆ ಕೈಹಾಕಿ ಮೊಟ್ಟೆ ಮರಿ ಎತ್ತಿಕೊಂಡು ಹೋಗುತ್ತವೆ. ಫ್ರ್ಯಾಂಕ್ ಜಾಯ್ಸ್ ಎಂಬ ವಿಜ್ಞಾನಿ ಗ್ವಾನಕಾಸ್ಟೆಯಲ್ಲೇ ಇದನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಕಡಜದ ಗೂಡುಗಳನ್ನು ತಂದು ರೆನ್ ಗೂಡಿನ ಹತ್ತಿರ ಇಟ್ಟು ನೋಡಿದ್ದರು. ಕಡಜ ಪಕ್ಕದಲ್ಲಿದ್ದ ಗೂಡುಗಳಲ್ಲಿ ಮರಿಗಳು ಹೆಚ್ಚು ಉಳಿದವು. ಫಲಿತಾಂಶ ಸರಿ. ಆದರೆ ಜೀವಂತ ಕಡಜದ ಗೂಡನ್ನು ಹೊತ್ತು ಕಾಡಿನಲ್ಲಿ ನಡೆಯುವುದೆಂದರೆ ಏನು ಅನ್ನುವುದು ನನ್ನ ಮೊಣಕಾಲಿಗೆ ಮಾತ್ರ ಗೊತ್ತು.

ಮರದ ಆ ಬದಿ ಕಡಜದ ಗೂಡೂ ಇದೆ ಅಂತ ಮಗಳು ತೋರಿಸಿದ ಮೇಲೆ ಪಂಚೆಯ ಆಸೆ ಬಿಟ್ಟೆ. ಅಳಿಯ ಮಾತ್ರ ಬಿಡಲಿಲ್ಲ. "ಮಾವ, ಏಣಿ ತರ್ತೀನಿ" ಅಂದ. ಅವನ ಹೋಟೆಲಿನ ತೋಟದವನು ಬಂದು ಮರ ನೋಡಿದ, ಪಂಚೆ ನೋಡಿದ, ನನ್ನ ಕಾಲು ನೋಡಿದ. ಸ್ಪ್ಯಾನಿಶ್‌ನಲ್ಲಿ ಉದ್ದಕ್ಕೆ ಏನೋ ಹೇಳಿದ.

"ಏನಂತಮ್ಮಾ?" ಅಂದೆ.

"ಹೊಸದು ಎಷ್ಟಾಗುತ್ತೆ ಅಂತ ಕೇಳ್ತಿದಾನೆ ಅಪ್ಪ."