ಗುಂಡಿಗೊಂದು ಮೊಸಳೆ ಮಂಜೂರಾಗಲಿ

ಒಂದು ಬಾಳೆಹಣ್ಣು. ಅದನ್ನು ಗೋಡೆಗೆ ಬೂದು ಬಣ್ಣದ ಟೇಪ್ ಹಾಕಿ ಅಂಟಿಸಿದ್ದಾರೆ. ಅಷ್ಟೇ. ಇಟಲಿಯ ಮೌರಿಝಿಯೊ ಕ್ಯಾಟೆಲಾನ್ 2019ರ ಡಿಸೆಂಬರ್‌ನಲ್ಲಿ ಮಯಾಮಿಯ ಕಲಾಮೇಳದಲ್ಲಿ ಹೀಗೆ ಅಂಟಿಸಿ, 'ಕಮೀಡಿಯನ್' ಅಂತ ಹೆಸರಿಟ್ಟು, 1.2 ಲಕ್ಷ ಡಾಲರ್ ಬೆಲೆ ಕಟ್ಟಿದರು. ಐದು ವರ್ಷದ ಮೇಲೆ ನ್ಯೂಯಾರ್ಕ್‌ನ ಹರಾಜಿನಲ್ಲಿ ಅದು 62 ಲಕ್ಷ ಡಾಲರ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು 52 ಕೋಟಿ ರೂಪಾಯಿ. ಕೊಂಡ ಜಸ್ಟಿನ್ ಸನ್ ಎಂಬ ಕ್ರಿಪ್ಟೊ ಉದ್ಯಮಿ ಹಾಂಗ್‌ಕಾಂಗ್‌ನಲ್ಲಿ ಎಲ್ಲರ ಮುಂದೆ ಸಿಪ್ಪೆ ಸುಲಿದು ತಿಂದೇಬಿಟ್ಟರು.

ಇದನ್ನು ಕೇಳಿ ನಮ್ಮ ಬೆಂಗಳೂರಿನವರು ಬಿದ್ದು ಬಿದ್ದು ನಗುತ್ತಾರೆ. ನಗೋಕೆ ಮುಂಚೆ ಆ ಒಪ್ಪಂದ ನೋಡಬೇಕು. ಕೊಂಡವರಿಗೆ ಸಿಗುವುದು ಒಂದು ಸರ್ಟಿಫಿಕೇಟ್, ಜೊತೆಗೆ ಹಣ್ಣನ್ನು ಹೇಗೆ ಅಂಟಿಸಬೇಕು ಅನ್ನುವ ಸೂಚನೆ. ಹಣ್ಣು ಕೊಳೆತರೆ ಹೊಸದು ತಂದು ಅಂಟಿಸಬಹುದು. ಆಗಲೂ ಕಲಾಕೃತಿ ಅದೇ.

ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ರಸ್ತೆಯಲ್ಲೂ ಜಲ್ಲಿ ಕಿತ್ತುಹೋದರೆ ಹೊಸ ಜಲ್ಲಿ ಸುರಿಯುತ್ತಾರೆ. ಮಳೆ ಬಂದರೆ ಅದೂ ಹೋಗುತ್ತದೆ. ಮತ್ತೆ ಸುರಿಯುತ್ತಾರೆ. ಗುಂಡಿ ಮಾತ್ರ ಅದೇ, ಜಾಗವೂ ಅದೇ. ಸರ್ಟಿಫಿಕೇಟ್ ಬದಲು ಇಲ್ಲಿ ಬಿಲ್ ಇರುತ್ತದೆ. ಕ್ಯಾಟೆಲಾನ್‌ಗಿಂತ ಎಷ್ಟೋ ವರ್ಷ ಮೊದಲೇ ನಮ್ಮವರು ಇದನ್ನು ಕಂಡುಹಿಡಿದಿದ್ದರು. ಪಾಪ, ಹರಾಜಿಗೆ ಇಡಲಿಲ್ಲ.

ಕೆಲಸ ಸುಲಭದ್ದು ಅಂದುಕೊಳ್ಳಬೇಡಿ. ಮೊದಲು ರಸ್ತೆಗೆ ಡಾಂಬರು ಹಾಕಬೇಕು. ಆ ಡಾಂಬರು ಆರುವಷ್ಟರಲ್ಲಿ ಪೈಪಿಗೋ ಕೇಬಲಿಗೋ ಅಗೆಯಬೇಕು. ಮಣ್ಣು ಮುಚ್ಚುವಾಗ ಗಟ್ಟಿಯಾಗಿ ಕುಟ್ಟಬಾರದು, ಇದು ಮುಖ್ಯ. ಚರಂಡಿ ಇರಬೇಕು, ಆದರೆ ನೀರು ಅದರ ಕಡೆಗೆ ಹರಿಯಕೂಡದು. ಆಮೇಲೆ ಸುಮ್ನೆ ಕೂತರೆ ಸಾಕು. ನಿಂತ ನೀರು ಡಾಂಬರಿನ ಕೆಳಗಿಳಿದು ಜಲ್ಲಿಯ ಹಿಡಿತ ಬಿಡಿಸುತ್ತದೆ. ಉಳಿದ ಕೆತ್ತನೆಯನ್ನು ಬಸ್ಸಿನ ಚಕ್ರಗಳು ಮುಗಿಸಿಕೊಡುತ್ತವೆ. ಸಾರ್ವಜನಿಕರು ಸೊಂಟ ಕೊಟ್ಟು ಭಾಗವಹಿಸುವ ಕಲೆ ಜಗತ್ತಿನಲ್ಲಿ ಬೇರೆ ಯಾವುದಿದೆ ಹೇಳಿ.

ಈ ಕಲೆಗೆ ಕಣ್ಣು, ಬಾಯಿ, ಬಾಲ ಬರೆದವರು ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ಪೈಪ್ ಒಡೆದು ದೊಡ್ಡದೊಂದು ಹೊಂಡ ಆಗಿತ್ತು. ಯಾರೂ ತಿರುಗಿ ನೋಡಿರಲಿಲ್ಲ. ಬಾದಲ್ ತಮ್ಮ ಕೈಯಿಂದ ಸುಮಾರು 6 ಸಾವಿರ ರೂಪಾಯಿ ಹಾಕಿ, ನಿಜವಾದದ್ದೇ ಅನ್ನುವ ಹಾಗಿದ್ದ ಒಂದು ಮೊಸಳೆ ಮಾಡಿ, ತಂದು ಆ ನೀರಿಗೆ ಇಳಿಸಿದರು. ಸುತ್ತ ಹಸಿರು ಬಣ್ಣ ಬಳಿದರು. ಜನ ಬಂದರು, ಫೋಟೊ ತೆಗೆದರು. ಪೇಪರಿನಲ್ಲಿ ಬಂತು, ಟೀವಿಯಲ್ಲಿ ಬಂತು, ಹೊರದೇಶದವರೂ ನೋಡಿದರು. ಪಾಲಿಕೆಯವರು ಓಡೋಡಿ ಬಂದು ಹೊಂಡ ಮುಚ್ಚಿದರು.

ಮನುಷ್ಯರು ಬಿದ್ದಾಗ ಬಾರದವರು ಮೊಸಳೆ ಬಿದ್ದಾಗ ಬಂದರು. ಪ್ರಾಣಿದಯೆ ಇನ್ನೂ ಇದೆ ಅಂತ ಸಮಾಧಾನವಾಯಿತು. ಅಂದಹಾಗೆ, ಗುಂಡಿ ಮುಚ್ಚಲು ಪಾಲಿಕೆ ತರಿಸಿದ್ದ ಯಂತ್ರದ ಹೆಸರು ಪೈಥಾನ್. ಮೊಸಳೆಗೆ ಹೆಬ್ಬಾವು. ಊರು ಕಾಡಾಗಿ ವರ್ಷಗಳೇ ಆದವು ಅಂತ ಇವರೇ ಒಪ್ಪಿಕೊಂಡ ಹಾಗಾಯಿತು.

ಎರಡು ವರ್ಷದ ಮೇಲೆ ಕಬ್ಬನ್ ರಸ್ತೆಯ ಹತ್ತಿರ ಗುಂಡಿಯೊಂದು ಬಾದಲ್ ಕೈಯಲ್ಲಿ ಕೊಳವಾಯಿತು. ಅದರಲ್ಲಿ ನಟಿ ಸೋನು ಗೌಡ ಮತ್ಸ್ಯಕನ್ಯೆಯಾಗಿ ಕೂತರು. 2019ರ ಸೆಪ್ಟೆಂಬರ್‌ನದಂತೂ ಇನ್ನೂ ಜೋರು. ಇಡೀ ದೇಶ ಚಂದ್ರಯಾನ-2ರ ವಿಕ್ರಮ್ ಇಳಿಯುವುದನ್ನೇ ಕಾಯುತ್ತಿತ್ತು. ಅದಕ್ಕೂ ನಾಲ್ಕೈದು ದಿನ ಮೊದಲೇ ಹೇರೋಹಳ್ಳಿಯ ರಸ್ತೆಯಲ್ಲಿ ಗಗನಯಾತ್ರಿಯೊಬ್ಬರು ಇಳಿದುಬಿಟ್ಟರು. ನಟ ಪೂರ್ಣಚಂದ್ರ ಮೈಸೂರು. ರಾತ್ರಿ ಹೊತ್ತು, ಬೆಳ್ಳಿ ಬಣ್ಣದ ಸೂಟು, ತಲೆಗೆ ದುಂಡನೆಯ ಹೆಲ್ಮೆಟ್ಟು. ಕುಳಿಯಿಂದ ಕುಳಿಗೆ ತೇಲಿದ ಹಾಗೆ ಒಂದೊಂದೇ ಹೆಜ್ಜೆ. ಆಹಾ, ಚಂದ್ರಲೋಕ ಅಂತ ಬಾಯಿ ಬಿಟ್ಟು ನೋಡುತ್ತಿರುವಾಗಲೇ ಪಕ್ಕದಲ್ಲೊಂದು ಆಟೋ ಕುಲುಕಾಡಿಕೊಂಡು ಹಾದುಹೋಗುತ್ತದೆ! ಪಾಪ, ವಿಕ್ರಮ್ ಚಂದ್ರನಿಗೆ ಡಿಕ್ಕಿ ಹೊಡೆಯಿತು. ಹೇರೋಹಳ್ಳಿಯಲ್ಲಿ ಇಳಿದವರು ಸುರಕ್ಷಿತ. ವಿಡಿಯೊ ಹರಿದಾಡಿದ ತಕ್ಷಣ ಅಲ್ಲಿಗೂ ಜಲ್ಲಿ ಬಂತು.

ಇಷ್ಟಾದ ಮೇಲೂ ನಾವು ಅರ್ಜಿ ಬರೆಯುತ್ತಾ ಕೂತಿದ್ದೇವೆ. ಆ್ಯಪ್‌ನಲ್ಲಿ ಗುಂಡಿಯ ಫೋಟೊ ಹಾಕಿ ಕಾಯುತ್ತೇವೆ. ಬೆಂಗಳೂರಿನಲ್ಲಿ ಗುಂಡಿ ಇರುವುದರಿಂದ ಯಾರಿಗೂ ನಾಚಿಕೆಯಾಗುವುದಿಲ್ಲ. ಗುಂಡಿ ಚೆನ್ನಾಗಿ ಕಾಣಿಸಿದರೆ ಮಾತ್ರ ಆಗುತ್ತದೆ. ಇಷ್ಟು ಸರಳ ವಿಷಯ ತಿಳಿಯೋಕೆ ನಮಗೆ ಯಾಕಿಷ್ಟು ಕಾಲ ಬೇಕಾಯಿತೋ.

ಇಂಗ್ಲೆಂಡಿನವರಿಗೂ ಇದೇ ಗತಿ ಅನ್ನುವುದು ಒಂದು ಸಮಾಧಾನ. 2015ರಲ್ಲೇ ಮ್ಯಾಂಚೆಸ್ಟರ್ ಹತ್ತಿರದ ಬರಿ ಎಂಬ ಊರಿನಲ್ಲಿ ಒಬ್ಬ ಅಜ್ಞಾತ ಕಲಾವಿದ ಗುಂಡಿಗಳ ಸುತ್ತ ಹೇಳಬಾರದ ಅಂಗದ ಚಿತ್ರ ಬರೆದ. ಛೀ ಥೂ ಅನ್ನುತ್ತಲೇ ಅಲ್ಲಿಯವರು ಗುಂಡಿ ಮುಚ್ಚಿದರು, ಅದೂ ಕೆಲವಕ್ಕೆ 48 ಗಂಟೆಯೊಳಗೆ. ಶಿಕಾಗೊದ ಜಿಮ್ ಬೇಕರ್ ತಾವೇ ಗುಂಡಿಗೆ ಸಿಮೆಂಟು ಹಾಕಿ, ಮೇಲೆ ಬಣ್ಣದ ಚೂರುಗಳಲ್ಲಿ ಹೂವು, ಐಸ್‌ಕ್ರೀಮ್ ಜೋಡಿಸುತ್ತಾರೆ. ಇದು ನಮಗೆ ಆಗಿಬರಲ್ಲ. ಚಂದ ಕಂಡರೆ ಅದಕ್ಕೂ ಬಿಲ್ ಮಾಡುತ್ತಾರೆ.

ನಮ್ಮಲ್ಲಿ ಇನ್ನೊಂದು ಪ್ರಕಾರವೂ ಇದೆ. ಗಣ್ಯರು ಬರುತ್ತಾರೆ ಅಂದರೆ ರಾತ್ರೋರಾತ್ರಿ ರಸ್ತೆ ಕನ್ನಡಿಯಾಗುತ್ತದೆ. 2022ರ ಜೂನ್‌ನಲ್ಲಿ ಪ್ರಧಾನಿ ಬರುತ್ತಾರೆಂದು ಸುಮಾರು 23 ಕೋಟಿ ರೂಪಾಯಿ ಖರ್ಚಾಯಿತು. ಅವರು ಹೋಗಿ ಕೆಲವೇ ದಿನದಲ್ಲಿ ಒಂದು ಕಡೆ ಹೊಸ ಡಾಂಬರು ಕಿತ್ತುಕೊಂಡು ಬಂತು. ಜನ ಇದನ್ನು ಕಳಪೆ ಕಾಮಗಾರಿ ಅಂದರು. ತಪ್ಪು. ನಾಟಕ ಮುಗಿದು ಪ್ರೇಕ್ಷಕರು ಎದ್ದುಹೋದ ಮೇಲೆ ಪರದೆ ಬಿಚ್ಚುವುದಿಲ್ಲವೇ?

ಈಗ ಒಂದಿದ್ದ ಪಾಲಿಕೆ 2025ರ ಸೆಪ್ಟೆಂಬರ್‌ನಿಂದ ಐದಾಗಿದೆ. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಒಂದು ಗ್ಯಾಲರಿ ಇದ್ದ ಊರಿಗೆ ಐದು ಗ್ಯಾಲರಿ ಬಂದಿರುವಾಗ ಕಲಾವಿಭಾಗವೂ ಬೇಡವೇ? ಪ್ರತಿ ವಾರ್ಡಿಗೊಬ್ಬ ಶಿಲ್ಪಿಯನ್ನು ನೇಮಿಸಲಿ. ಅರ್ಜಿ ನಮೂನೆಯಲ್ಲಿ ಗುಂಡಿಯ ಉದ್ದ, ಅಗಲ, ಆಳದ ಜೊತೆ 'ಅಪೇಕ್ಷಿತ ಪ್ರಾಣಿ' ಅಂತ ಒಂದು ಕಾಲಂ ಇರಲಿ. ಚಿಕ್ಕ ಗುಂಡಿಗೆ ಕಪ್ಪೆ, ನಡುಗಾತ್ರದ್ದಕ್ಕೆ ಆಮೆ. ಮೊಸಳೆ ಬೇಕಾದರೆ ಆಯುಕ್ತರ ಸಹಿ. ತಿಮಿಂಗಿಲಕ್ಕೆ ಸಚಿವ ಸಂಪುಟದ ಒಪ್ಪಿಗೆ.

ಸರ್ಕಾರವನ್ನು ಕಾದರೆ ಆಗುವುದಿಲ್ಲ ಅಂತ ನಮ್ಮ ಬೀದಿಯವರೇ ಮೊನ್ನೆ ಸಭೆ ಸೇರಿದೆವು. ನಮ್ಮದು ಹಳೆಯ ಗುಂಡಿ. ಅದನ್ನು ತಪ್ಪಿಸಿ ಗಾಡಿ ತಿರುಗಿಸಲು ಕಲಿತ ಹುಡುಗರು ಈಗ ಲೈಸೆನ್ಸ್ ತೆಗೆದುಕೊಂಡಿದ್ದಾರೆ.

"ಮೊಸಳೆ ಇಡೋಣ," ಅಂದರು ಹಾಲಿನ ಬೂತಿನವರು.

"ಅದು ಆಗೋಯ್ತಲ್ರೀ, ಹತ್ತು ವರ್ಷದ ಹಳೇದು. ಟೀವಿಯವರು ಬರಲ್ಲ," ಅಂದರು ಮಹಡಿ ಮನೆ ಅಂಕಲ್.

"ಮತ್ಸ್ಯಕನ್ಯೆ?" ಅಂದ ಕಾಲೇಜು ಹುಡುಗ. ಅವನಮ್ಮ ತಿರುಗಿ ಒಂದು ಸಲ ನೋಡಿದರು. ಅವನು ಮತ್ತೆ ಮಾತಾಡಲಿಲ್ಲ.

"ಗಣಪತಿ ಕೂರಿಸೋಣ. ಯಾರೂ ಬೇಡ ಅನ್ನಲ್ಲ," ಅಂದರು ರಿಟೈರ್ಡ್ ಮೇಷ್ಟ್ರು. ಎಲ್ಲರಿಗೂ ಹಿಡಿಸಿತು. ರಸೀದಿ ಪುಸ್ತಕ ಯಾರ ಹತ್ತಿರ ಇರಬೇಕು ಅನ್ನುವವರೆಗೂ ಮಾತು ಬಂತು. ಅಷ್ಟರಲ್ಲಿ ಯಾರೋ ಕೇಳಿದರು, "ಅಲ್ಲಾ ಮೇಷ್ಟ್ರೇ, ಇವರು ಗುಂಡಿ ಮುಚ್ಚಿಬಿಟ್ರೆ ಮುಂದಿನ ವರ್ಷ ಗಣಪತಿ ಎಲ್ಲಿ ಕೂರಿಸೋದು?" ಆ ಪ್ರಸ್ತಾವ ಅಲ್ಲಿಗೇ ನಿಂತಿತು.

ಕೊನೆಗೆ ಎಮ್ಮೆ ಅಂತ ತೀರ್ಮಾನವಾಯಿತು. ಎಮ್ಮೆ ನೀರಿನಲ್ಲಿ ಮಲಗಿದ್ದರೆ ಸಹಜವಾಗಿಯೂ ಇರುತ್ತದೆ, ಖರ್ಚೂ ಕಡಿಮೆ. ಮುಂಚೆ ಒಂದು ಮಾತು ತಿಳಿಸೋಣ ಅಂತ ಮಹಡಿ ಮನೆ ಅಂಕಲ್ ವಾರ್ಡ್ ಆಫೀಸಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಸರ್, ಶುಕ್ರವಾರ ನಮ್ಮ ರಸ್ತೆ ಗುಂಡಿಗೆ ಒಂದು ಎಮ್ಮೆ ಇಡ್ತಿದ್ದೀವಿ."

ಆ ಕಡೆ ಸ್ವಲ್ಪ ಹೊತ್ತು ಯೋಚನೆ.

"ಬೊಂಬೆನಾ, ಜೀವಂತದ್ದಾ ಸರ್? ಜೀವ ಇರೋದಾದ್ರೆ ನಮ್ಗೆ ಬರಲ್ಲ, ಪಶುಪಾಲನೆಯವರಿಗೆ ಮಾಡಿ."