ತಟ್ಟೆ ಬೇರೆ ಮಾಡಿದ್ರೆ ಸಾಲದು, ಮನೆಮಂದಿಗೆ ಮಾತ್ರೆ ಕೊಡಿಸಿ

ಮನೇಲಿ ಒಬ್ಬರಿಗೆ ಟಿ.ಬಿ. ಅಂತ ಗೊತ್ತಾದ್ರೆ ದಾವಣಗೆರೆ, ಚಿತ್ರದುರ್ಗದ ಕಡೆ ಮೊದಲು ಬೇರೆಯಾಗೋದು ತಟ್ಟೆ-ಲೋಟ. ಅದರಿಂದ ರೋಗಿಗೆ ನೋವಾಗುತ್ತೆ, ಇನ್ಯಾರಿಗೂ ಉಪಯೋಗವಿಲ್ಲ. ಟಿ.ಬಿ. ಎಂಜಲಿನಿಂದ ಬರಲ್ಲ, ಬಟ್ಟೆಯಿಂದಲೂ ಬರಲ್ಲ. ಶ್ವಾಸಕೋಶದ ಟಿ.ಬಿ. ಇರೋರು ಕೆಮ್ಮಿದಾಗ ಹೊರಬಿದ್ದ ಕ್ರಿಮಿ ಮುಚ್ಚಿದ ಕೋಣೇಲಿ ಗಂಟೆಗಟ್ಟಲೆ ತೇಲ್ತಿರುತ್ತೆ. ಮೊಳಕಾಲ್ಮೂರಿನ ಎಷ್ಟೋ ಮನೆಗಳಲ್ಲಿ ಮಗ್ಗ ಇರೋ ಕಡೆಯೇ ಊಟ, ನಿದ್ದೆ. ಅಂಥಲ್ಲಿ ಎದುರುಬದುರು ಬಾಗಿಲು-ಕಿಟಕಿ ತೆರೆದಿಡಿ, ರೋಗಿ ಮಾಸ್ಕ್ ಹಾಕಲಿ, ಮಕ್ಕಳನ್ನ ಬೇರೆ ಕಡೆ ಮಲಗಿಸಿ.

ಆದರೆ ಇಷ್ಟು ಮಾಡೋ ಹೊತ್ತಿಗೆ ತಡವಾಗಿರುತ್ತೆ. ಸರಿಯಾದ ಚಿಕಿತ್ಸೆ ಶುರುವಾದ ಕೆಲವೇ ವಾರಗಳಲ್ಲಿ ಹರಡೋದು ಬಹಳ ಕಡಿಮೆಯಾಗುತ್ತೆ. ಅಪಾಯ ಇರೋದು ರೋಗ ಗೊತ್ತಾಗೋ ಮುಂಚಿನ ಕೆಮ್ಮಿನಲ್ಲಿ. ಅಷ್ಟೂ ದಿನ ಮನೆಯವರೆಲ್ಲ ಅದೇ ಗಾಳಿ ಕುಡಿದಿರ್ತಾರೆ.

ಹಾಗಾಗಿ ಎಲ್ಲರೂ ತಪಾಸಣೆಗೆ ಹೋಗ್ಬೇಕು. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು, ಇದರಲ್ಲಿ ಒಂದಿದ್ದರೂ ಕಫ ಪರೀಕ್ಷೆ, ಎಕ್ಸ್-ರೇ. ಕಫ ಅಂದ್ರೆ ಜೊಲ್ಲಲ್ಲ. ಬೆಳಗ್ಗೆ ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು ಕೆಮ್ಮಿ ತೆಗೆದದ್ದು. ಜೊಲ್ಲು ಕೊಟ್ಟರೆ ರೋಗ ಇದ್ದರೂ ಸಿಗದೇ ಹೋಗಬಹುದು. ಪುಟ್ಟ ಮಕ್ಕಳಲ್ಲಿ ತೂಕ ಏರದೇ ಇರೋದೂ ಒಂದು ಲಕ್ಷಣ.

ರೋಗ ಇಲ್ಲ ಅಂತ ಖಚಿತವಾದ ಮೇಲೆ ತಡೆ ಮಾತ್ರೆ, ಅಂದ್ರೆ ಮುಂದೆ ಟಿ.ಬಿ. ಬರದಂತೆ ತಡೆಯೋ ಮಾತ್ರೆ. "ನೆಟ್ಟಗಿರೋ ಮಗೀಗೆ ಮಾತ್ರೆ ಯಾಕ್ರೀ?" ಅಂತ ಆಶಾ ಕಾರ್ಯಕರ್ತೆಯನ್ನ ವಾಪಸ್ ಕಳಿಸೋದು ಇಲ್ಲೇ. ಕ್ರಿಮಿ ಒಳಗೆ ಸುಮ್ಮನೆ ಕೂತಿರಬಹುದು. ರೋಗವಾಗಿ ಏಳೋ ಅಪಾಯ ಮೊದಲ ಎರಡು ವರ್ಷದಲ್ಲೇ ಹೆಚ್ಚು, ಐದು ವರ್ಷದೊಳಗಿನ ಮಕ್ಕಳಲ್ಲಂತೂ ಇನ್ನೂ ಹೆಚ್ಚು. ಐಸೋನಿಯಾಜಿಡ್ ದಿನಾ ಒಂದು ಹೊತ್ತು, 6 ತಿಂಗಳು: ದೊಡ್ಡವರಿಗೆ ಸಾಮಾನ್ಯವಾಗಿ 300 ಮಿ.ಗ್ರಾಂ, ಮಕ್ಕಳಿಗೆ ಕೆ.ಜಿ.ಗೆ 10 ಮಿ.ಗ್ರಾಂ ಲೆಕ್ಕ. ಇಲ್ಲವೇ ಅದರ ಜೊತೆ ರಿಫಾಪೆಂಟಿನ್ ಸೇರಿಸಿ ವಾರಕ್ಕೊಮ್ಮೆ, ಒಟ್ಟು 12 ಸಲ. ಯಾವುದು ಅಂತ ವೈದ್ಯರು ಹೇಳಲಿ. ರೋಗ ಇದ್ದೋರಿಗೆ ಐಸೋನಿಯಾಜಿಡ್ ಒಂದನ್ನೇ ಕೊಟ್ಟರೆ ಕ್ರಿಮಿ ಅದಕ್ಕೆ ಬಗ್ಗದಂತಾಗುತ್ತೆ, ತಪಾಸಣೆ ಮೊದಲು ಅನ್ನೋದು ಅದಕ್ಕೇ. ರೋಗಿಯ ಕಫದ ವರದಿಯನ್ನೂ ಒಯ್ಯಿರಿ. ಅವರ ಕ್ರಿಮಿಗೇ ಔಷಧಿ ನಾಟದಿದ್ದರೆ ಮನೆಯವರ ಮಾತ್ರೆಯೂ ಬದಲಾಗ್ಬೇಕು.

ರಿಫಾಪೆಂಟಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ರೆ ಹೆದರಬೇಡಿ. ಕೈಕಾಲು ಜುಮುಗುಟ್ಟಿದ್ರೆ ಬಿ6 ಮಾತ್ರೆ ಕೇಳಿ. ಕಣ್ಣು ಹಳದಿಯಾದ್ರೆ, ವಾಂತಿ ನಿಲ್ಲದಿದ್ರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ. ಕುಡಿತ ಇರೋರು ಮುಚ್ಚಿಡದೆ ಮೊದಲೇ ಹೇಳಿಬಿಡಿ, ಲಿವರ್ ಪ್ರಶ್ನೆ.

ಊಟದ ಮಾತು ಯಾರೂ ಆಡಲ್ಲ. ಜಾರ್ಖಂಡ್‌ನಲ್ಲಿ ಮನೆಯವರಿಗೆ ತಲಾ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ಪೋಷಕಾಂಶದ ಮಾತ್ರೆ ಕೊಟ್ಟು ನೋಡಿದ್ರು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೊಸ ಟಿ.ಬಿ. 39% ಕಡಿಮೆ. ರೋಗಿಯ ಖಾತೆಗೆ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಿಂದ ತಿಂಗಳಿಗೆ ₹1000 ಬರುತ್ತೆ. ಅದು ಒಬ್ಬರಿಗಷ್ಟೇ. ಮಿಕ್ಕವರ ತಟ್ಟೆಗೂ ಬೇಳೆ, ಮೊಟ್ಟೆ, ಶೇಂಗಾ ಬೀಳೋ ಹಾಗೆ ಸಂತೆ ಚೀಟಿ ಬರೀರಿ.