ಮತ್ತೆಂತ ವರ್ತಮಾನ?

ನನ್ನ ಅಜ್ಜಿಯ ಬಾಯಲ್ಲಿ ‘ಸುದ್ದಿ’ ಅನ್ನೋ ಪದ ಬರ್ತಿದ್ದದ್ದು ಕಡಿಮೆ. ಪುತ್ತೂರು ಕಡೆಯಿಂದ ಯಾರಾದರೂ ಬಂದರೆ ಚಾವಡಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, “ಮತ್ತೆಂತ ವರ್ತಮಾನ?” ಅಂತ ಕೇಳುತ್ತಿದ್ದರು. ಅತ್ತೆ ಗಂಡನ ಮನೆಗೆ ಹೊರಟರೆ, “ಮುಟ್ಟಿದ ಕೂಡಲೆ ವರ್ತಮಾನ ಕಳಿಸು” ಅನ್ನುತ್ತಿದ್ದರು. ಅದು ಬರುವವರೆಗೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಶಾಲೆಗೆ ಹೋದ ಮೇಲೆ ನನಗೆ ವರ್ತಮಾನ ಅಂದರೆ ವ್ಯಾಕರಣದ ಒಂದು ಕಾಲ ಅಷ್ಟೇ ಆಯಿತು. ಅಜ್ಜಿಯ ಪದವನ್ನು ಹಳ್ಳಿ ಮಾತು ಅಂದುಕೊಂಡು ಮರೆತೂಬಿಟ್ಟೆ.

ಮತ್ತೆ ಅದು ಎದುರಾದದ್ದು ಕನ್ನಡದ ಮೊದಲ ಪತ್ರಿಕೆಯ ಬಗ್ಗೆ ಓದುವಾಗ. 1843ರ ಜುಲೈ 1ರಂದು ಬಾಸೆಲ್ ಮಿಷನ್‌ನ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದರು. ಕಲ್ಲಚ್ಚಿನಲ್ಲಿ ತೆಗೆದ ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಹೆಸರಲ್ಲಿ ಸಮಾಚಾರ ಇದೆ, ಆದರೆ ಒಳಗೆ ಏನೇನು ಇರುತ್ತದೆ ಅಂತ ಹೇಳುವಾಗ ಬಳಸಿದ್ದು ‘ವೂರ ವರ್ತಮಾನ’, ‘ಸರ್ವರಾಜ್ಯ ವರ್ತಮಾನಗಳು’. ವೂರ! ಊರನ್ನು ಆಗ ಹಾಗೆ ಬರೆಯುತ್ತಿದ್ದರು. ಅದನ್ನು ಓದಿದಾಗ ನನಗೆ ಕೇಳಿಸಿದ್ದು ಅಜ್ಜಿಯ ದನಿ.

ಹಾಗಾದರೆ ಅದು ಬರೀ ಹಳ್ಳಿ ಮಾತಲ್ಲ, ಅಚ್ಚಿನ ಮಾತು. ಸುದ್ದಿ ಪತ್ರಿಕೆಗೆ ‘ವರ್ತಮಾನ ಪತ್ರಿಕೆ’ ಅನ್ನುತ್ತಿದ್ದ ಕಾಲ ಇತ್ತು. ತಂತಿಯಲ್ಲಿ ಬಂದದ್ದು ತಂತಿ ವರ್ತಮಾನ. ಪಕ್ಕದ ಮರಾಠಿಯವರು ಇವತ್ತಿಗೂ ಪೇಪರಿಗೆ ‘ವರ್ತಮಾನಪತ್ರ’ ಅನ್ನುತ್ತಾರೆ. ಮಲಯಾಳದವರೂ “ಎಂದಾ ವರ್ತಮಾನಂ?” ಅಂತ ಮಾತು ಶುರು ಮಾಡುತ್ತಾರೆ. ನಾವು ಮಾತ್ರ ಯಾಕೆ ಬಿಟ್ಟೆವು?

ಇದರ ಅಣ್ಣತಮ್ಮಂದಿರು ಬೇರೆ ಬೇರೆ ದಾರಿ ಹಿಡಿದರು. ವರ್ತಮಾನ, ವಾರ್ತೆ, ವೃತ್ತಾಂತ ಮೂರಕ್ಕೂ ಸಂಸ್ಕೃತದ ಬೇರು ಒಂದೇ. 1859ರಲ್ಲಿ ಮೈಸೂರಿನ ಪತ್ರಿಕೆಯ ಹೆಸರು ‘ಮೈಸೂರು ವೃತ್ತಾಂತ ಬೋಧಿನಿ’. ಈಗ ವೃತ್ತಾಂತ ಅಂದರೆ ಉದ್ದದ ಕಥೆ. ವಾರ್ತೆಯನ್ನು ಆಕಾಶವಾಣಿ ಮತ್ತು ವಾರ್ತಾ ಇಲಾಖೆ ಉಳಿಸಿಕೊಂಡವು.

ನನಗೆ ವರ್ತಮಾನವೇ ಜಾಸ್ತಿ ಇಷ್ಟ. ಈಗ ಏನು ನಡೆಯುತ್ತಿದೆಯೋ ಅದೇ ವರ್ತಮಾನ. ಅದಕ್ಕೆ ಯಾರೋ ಸಾಯಬೇಕಿಲ್ಲ, ಯಾವ ಮಂತ್ರಿಯೂ ಬೈಯಬೇಕಿಲ್ಲ. ಹಸು ಕರು ಹಾಕಿದ್ದು ವರ್ತಮಾನ, ದೋಣಿ ದಡ ಸೇರಿದ್ದು ವರ್ತಮಾನ. ಮತ್ತೆ, ಅದನ್ನು ಯಾರೋ ಕಳಿಸಬೇಕು, ಇನ್ಯಾರೋ ಕಾಯಬೇಕು. ಟಿವಿಯಲ್ಲಿ ದಿನವಿಡೀ ಕೆಂಪು ಪಟ್ಟಿ ಓಡುತ್ತದಲ್ಲ, ಅದಕ್ಕೆ ನನ್ನ ಅಜ್ಜಿ ಕಾದು ಕೂತಿರುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.

ಅದಕ್ಕೇ ಪತ್ರಿಕೆಯವರಲ್ಲಿ ಒಂದು ಕೇಳಿಕೆ. ಜುಲೈ 1ಕ್ಕೆ ಪ್ರತಿ ವರ್ಷ ಪತ್ರಿಕಾ ದಿನ ಮಾಡುತ್ತೀರಿ, ಮೊಗ್ಲಿಂಗ್ ಅವರನ್ನು ನೆನೆಯುತ್ತೀರಿ. ಬಹಳ ಒಳ್ಳೇದು. ಜೊತೆಗೆ ಆ ತಲೆಬರಹವನ್ನೂ ವಾಪಸ್ ತನ್ನಿ. ಜಿಲ್ಲಾ ಪುಟದ ಒಂದು ಮೂಲೆಗೆ ‘ಊರ ವರ್ತಮಾನ’ ಅಂತ ಹೆಸರಿಟ್ಟು, ಅಲ್ಲಿ ಊರಿನದನ್ನೇ ಬರೆಯಿರಿ.

ನಾನಂತೂ ಶುರು ಮಾಡಿದ್ದೇನೆ. ಹೋದ ಭಾನುವಾರ ಮನೆಯ ವಾಟ್ಸಾಪ್ ಗ್ರೂಪಿಗೆ ‘ಊರ ವರ್ತಮಾನ’ ಅಂತ ಬರೆದು ಕೆಳಗೆ ನಾಲ್ಕು ಸಾಲು ಹಾಕಿದೆ. ತೋಟದ ಕೆರೆ ತುಂಬಿದೆ. ಅಡಿಕೆಗೆ ಎರಡನೇ ಸಲ ಮದ್ದು ಬಿಟ್ಟಾಯಿತು. ಅಂಗಳದ ಪಾಚಿಯಲ್ಲಿ ದೊಡ್ಡಪ್ಪ ಜಾರಿದರು, ಪೆಟ್ಟೇನೂ ಆಗಿಲ್ಲ. ಹಿತ್ತಲ ಹಲಸಿನಲ್ಲಿ ಇನ್ನೂ ಮೂರು ಹಣ್ಣು ಇದೆ.

ದುಬೈಯಲ್ಲಿರುವ ಅತ್ತೆ ಐದೇ ನಿಮಿಷಕ್ಕೆ ಫೋನ್ ಮಾಡಿದರು. “ಬಿದ್ದದ್ದು ಯಾವಾಗ ಮಾರಾಯ? ಸರಿಯಾಗಿ ಹೇಳು.”